ಜ್ವರ ಬಿಟ್ಟ ಮೇಲೆ

ಹೋದ ವಾರ ನಮ್ಮ ಆಫೀಸಿನಲ್ಲಿ ಒಬ್ಬರು ರಜೆ ಮುಗಿಸಿ ಬಂದರು. ವೈರಲ್ ಜ್ವರ ಅಂತ ವಾರ ಪೂರ್ತಿ ಮಲಗಿದ್ದವರು. ಬಂದ ತಕ್ಷಣ ಎಲ್ಲರದೂ ಒಂದೇ ಪ್ರಶ್ನೆ, "ಜ್ವರ ಬಿಡ್ತಾ?" ಅವರು "ಹೂಂ, ಬಿಡ್ತು" ಅಂದರು. ಅಲ್ಲಿಗೆ ವಿಚಾರಣೆ ಮುಗಿಯಿತು. ಹನ್ನೊಂದು ಗಂಟೆ ಹೊತ್ತಿಗೆ ಬಾಕಿ ಫೈಲುಗಳೆಲ್ಲ ಅವರ ಟೇಬಲ್ಲಿಗೆ ಬಂದು ಬಿದ್ದವು. ಮಧ್ಯಾಹ್ನ ನಾನು ರೆಕಾರ್ಡ್ ರೂಮಿಗೆ ಹೋದರೆ ಅವರು ಅಲ್ಲಿ ಕಬ್ಬಿಣದ ಬೀರುವಿಗೆ ಒರಗಿಕೊಂಡು ಕಣ್ಣು ಮುಚ್ಚಿ ನಿಂತಿದ್ದರು. ನನ್ನನ್ನು ನೋಡಿ ಗಾಬರಿಯಾಗಿ, "ಏನಿಲ್ಲ ಮೇಡಂ, ಒಂದು ಫೈಲ್ ಹುಡುಕ್ತಿದ್ದೆ" ಅಂದರು. ನಾನೂ ಹೆಚ್ಚು ಕೇಳಲಿಲ್ಲ. ಬಾಗಿಲು ಎಳೆದುಕೊಂಡು ಬಂದೆ.

ಹಾಗೆ ಒರಗಿ ನಿಲ್ಲುವುದು ನನಗೆ ಚೆನ್ನಾಗಿ ಗೊತ್ತು. 2024ರ ಮಳೆಗಾಲದಲ್ಲಿ ನಮ್ಮನೆಗೆ ಡೆಂಗಿ ಬಂದು ಹೋದಾಗಿನಿಂದ ಈ ವಿಷಯ ತಲೆ ಕೊರೆಯುತ್ತಲೇ ಇದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಲ್ಲಿ ಕಾಯಿಲೆ ಬಂದರೆ ಹೇಗಪ್ಪಾ ಅಂತ ಎಲ್ಲರೂ ಹೆದರುತ್ತಾರೆ. ಆದರೆ ಕಾಯಿಲೆಯ ದಿನಗಳನ್ನು ಹೇಗೋ ದಾಟಿಬಿಡಬಹುದು. ನೆಂಟರು ಬರುತ್ತಾರೆ, ಅಕ್ಕಪಕ್ಕದವರು ಬರುತ್ತಾರೆ, ಗಂಡ ರಜೆ ಹಾಕುತ್ತಾರೆ, ಮಕ್ಕಳು ಕೂಡ ಸುಮ್ನೆ ಇರುತ್ತಾರೆ. ಕಷ್ಟ ಶುರುವಾಗುವುದು ಥರ್ಮಾಮೀಟರು ನಾರ್ಮಲ್ ತೋರಿಸಿದ ಮೇಲೆ. ಆಗ ಎಲ್ಲರೂ ಅವರವರ ಕೆಲಸಕ್ಕೆ ವಾಪಸ್. ಹಾಸಿಗೆಯಿಂದ ಎದ್ದವರಿಗೆ ಮಾತ್ರ ಇನ್ನೂ ಶಕ್ತಿ ವಾಪಸ್ ಬಂದಿರುವುದಿಲ್ಲ.

ಲಾಗ್‌ಶೀಟ್

ಆ ವರ್ಷದ ಮಳೆಗಾಲ ನೆನಪಿರಬಹುದು. ಜುಲೈನಲ್ಲೇ ಸರ್ಕಾರ ಡೆಂಗಿ ಪರೀಕ್ಷೆಗೆ ದರ ಕಟ್ಟಿತು. ರಕ್ತದಲ್ಲಿ ವೈರಸ್ಸಿನ ಅಂಶ ಹುಡುಕುವ ಎನ್‌ಎಸ್1ಗೆ 300 ರೂಪಾಯಿ, ಅದರ ವಿರುದ್ಧ ಮೈ ತಯಾರಿಸುವ ಪ್ರತಿಕಾಯ ಹುಡುಕುವ ಐಜಿಎಂಗೆ 300, ಬೇಗ ಫಲಿತಾಂಶ ಕೊಡುವ ಕಾರ್ಡ್ ಟೆಸ್ಟಿಗೆ 250. ಸೆಪ್ಟೆಂಬರ್ ಹೊತ್ತಿಗೆ ಅದನ್ನು ಸಾಂಕ್ರಾಮಿಕ ರೋಗ ಅಂತಲೇ ಘೋಷಿಸಿದರು. ಮೈಸೂರಿನ ನಮ್ಮ ರಸ್ತೆಯಲ್ಲಿ ಅಷ್ಟೊತ್ತಿಗೆ ಜ್ವರ ಬರದ ಮನೆಯನ್ನು ಹುಡುಕಬೇಕಿತ್ತು. ನಮ್ಮಲ್ಲಿ ಮೊದಲು ಮಗನಿಗೆ ಬಂತು. ಅವನು ನಾಲ್ಕೈದು ದಿನ ಮಲಗಿ, ಎದ್ದು, ಕ್ರಿಕೆಟ್ ಬ್ಯಾಟು ಹುಡುಕಲು ಶುರುಮಾಡಿದ. ಮಕ್ಕಳ ಮೈಯೇ ಬೇರೆ. ಅವನು ಎದ್ದ, ನಾನು ಮಲಗಿದೆ.

ನಮ್ಮನೆಯ ಬೆಳಗು ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ, ನಿಮ್ಮನೆಯದೂ ಹಾಗೇ ಇರುತ್ತದೆ. ಸ್ಕೂಲ್ ವ್ಯಾನು, ಎರಡು ಡಬ್ಬಿ, ನಂಜನಗೂಡಿನ ಕಾಲೇಜಿಗೆ ಹೊರಡುವ ಗಂಡ, ಸರ್ಕಾರಿ ಕಚೇರಿಗೆ ಹೊರಡುವ ನಾನು, ಊಟಕ್ಕೆ ಮುಂಚಿನ ಮಾತ್ರೆ ಊಟವಾದ ಮೇಲಿನ ಮಾತ್ರೆ ಅಂತ ಎರಡು ಥರದ ಡಬ್ಬಿ ಇಟ್ಟುಕೊಂಡಿರುವ ಮಾವ. ಇದರಲ್ಲಿ ಒಬ್ಬರು ಮಲಗಿದರೂ ಎಲ್ಲ ತಪ್ಪುತ್ತದೆ. ಆದರೆ ನಿಂತುಹೋಗಲಿಲ್ಲ. ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿಯೇ ನಡೆಯಿತು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಚಿತ್ರಾನ್ನ, ರಾತ್ರಿ ಎದುರುಮನೆ ಆಂಟಿ ಕಳಿಸಿದ ಸಾರು. ಅರಸೀಕೆರೆಯಿಂದ ಅಮ್ಮ ರೈಲು ಹತ್ತಿ ಬಂದರು. ನಾದಿನಿ ಕಿವಿ ಹಣ್ಣು ಕಳಿಸಿದರು. ಯಾರೋ ಪರಂಗಿ ಎಲೆ ತಂದುಕೊಟ್ಟರು. ಅದರ ರಸದ ಬಗ್ಗೆ ಡಾಕ್ಟರನ್ನು ಕೇಳಿದರೆ ಅವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. "ನೀರು ಕುಡೀರಿ, ಅದು ಮುಖ್ಯ. ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಯಾವ ನೋವಿನ ಮಾತ್ರೆಯೂ ಬೇಡ" ಅಂದರು. ರಸ ಕುಡಿದೆ. ಅಷ್ಟು ಕಹಿಯಾದದ್ದನ್ನು ಅಮ್ಮ ಎದುರಿಗೆ ನಿಂತಿರುವಾಗ ಮಾತ್ರ ಕುಡಿಯಬಹುದು.

ಎಲ್ಲರಿಗಿಂತ ಆಶ್ಚರ್ಯ ಹುಟ್ಟಿಸಿದವರು ಮಾವ. ಅವರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಲೆಕ್ಕ ಬರೆದು ರಿಟೈರ್ ಆದವರು. ಮನೆಯಲ್ಲಿ ಅವರ ಕೆಲಸ ಅಂದರೆ ಪೇಪರ್ ಓದುವುದು, ಗೇಟು ಹಾಕುವುದು, ಹಾಲಿನ ಲೆಕ್ಕ. ದಿನಕ್ಕೆ ಎರಡೂವರೆ ಮೂರು ಲೀಟರ್ ನೀರಿನಂಶ ಹೋಗಬೇಕು ಅಂತ ಡಾಕ್ಟರು ಹೇಳಿದ್ದು ಅವರ ಕಿವಿಗೆ ಬಿತ್ತು. ಮಾರನೇ ಬೆಳಿಗ್ಗೆ ನನ್ನ ಮಂಚದ ಪಕ್ಕ ಒಂದು ಹಳೇ ಡೈರಿ, ಒಂದು ಪೆನ್ಸಿಲ್. ಗೆರೆ ಎಳೆದು ಕಾಲಂ ಮಾಡಿದ್ದರು. ಗಂಟೆ, ಏನು, ಎಷ್ಟು. "6.40, ಗಂಜಿ, 1 ಲೋಟ. 7.30, ಓಆರ್‌ಎಸ್, ಅರ್ಧ (ಬೇಡ ಎಂದರು)." ಕೊನೆಯಲ್ಲಿ ಇನ್ನೊಂದು ಕಾಲಂ ಇತ್ತು, ಅದಕ್ಕೆ ತಲೆಬರಹ ಇರಲಿಲ್ಲ. ಎಷ್ಟು ಸಲ ಮೂತ್ರಕ್ಕೆ ಹೋದೆ ಅನ್ನುವುದು ಅದರಲ್ಲಿ ಬರಬೇಕು. ಅದನ್ನೂ ಡಾಕ್ಟರು ಕೇಳಿದ್ದರಲ್ಲ. ಸೊಸೆಯನ್ನು ಇದನ್ನೆಲ್ಲ ಕೇಳುವುದು ಹೇಗೆ? ಅವರು ಮೂರನೇ ಕ್ಲಾಸಿನ ಮೊಮ್ಮಗಳನ್ನು ಮಧ್ಯಕ್ಕೆ ಇಟ್ಟುಕೊಂಡರು. ಅವಳು ಬಂದು ಕಿವಿಯಲ್ಲಿ ಕೇಳುವುದು, ಬೆರಳಲ್ಲಿ ತೋರಿಸುವುದು, ಹಾಲ್‌ನಲ್ಲಿ ಕೂತ ತಾತ ಒಂದು ಗೀಟು ಎಳೆಯುವುದು. ಮೈಯೆಲ್ಲ ಮುರಿದು ಹಾಕಿದ ಹಾಗಿದ್ದರೂ ನನಗೆ ನಗು ತಡೆಯಲು ಆಗುತ್ತಿರಲಿಲ್ಲ.

ಇನ್ನೊಂದು ಕಡೆ ಅಮ್ಮನದೇ ಒಂದು ತೊಂದರೆ. ಅವರು ಅಡುಗೆಮನೆಗೆ ಬಂದ ಕ್ಷಣದಿಂದ ನಮ್ಮನೆಯವರು ಅಲ್ಲಿಗೆ ಕಾಲಿಡುವ ಹಾಗಿಲ್ಲ. "ಅಳಿಯಂದಿರ ಕೈಲಿ ಪಾತ್ರೆ ತೊಳೆಸೋದಾ? ನೀವು ಹೋಗಿ ಕೂತ್ಕೊಳ್ಳಿ, ನಾನಿದ್ದೀನಿ." ಅಮ್ಮನಿಗೆ ಮಂಡಿ ನೋವು, ಹತ್ತು ನಿಮಿಷ ನಿಂತರೆ ಸಾಕು ಗೋಡೆ ಹಿಡಿಯಬೇಕು. ನಮ್ಮನೆಯವರೋ ಅಷ್ಟೊತ್ತಿಗೆ ಕಷ್ಟಪಟ್ಟು ಕುಕ್ಕರು, ಡಬ್ಬಿ, ಮಿಕ್ಸಿ ಎಲ್ಲಕ್ಕೂ ಒಗ್ಗಿಕೊಂಡಿದ್ದರು. ಮರ್ಯಾದೆಯ ಹೆಸರಲ್ಲಿ ಆರೋಗ್ಯವಾಗಿರುವ ಮನುಷ್ಯ ಹಾಲ್‌ನಲ್ಲಿ ಕೂತು, ಮಂಡಿ ನೋವಿನವರು ನಿಂತು ಬೇಯಿಸುವುದು. ಸಹಾಯಕ್ಕೆ ಬಂದವರಿಂದ ಹೀಗೂ ಒಂದು ಗೋಜಲು ಆಗುತ್ತದೆ, ಅದನ್ನು ಯಾರೂ ಮೊದಲೇ ಹೇಳಿರುವುದಿಲ್ಲ. ಕೊನೆಗೆ ಮಾವನೇ ಒಂದು ದಾರಿ ಹುಡುಕಿದರು. ಅಮ್ಮ ಸಾಯಂಕಾಲ ದೇವಸ್ಥಾನಕ್ಕೆ ಹೋಗಿ ಬರುವ ಹೊತ್ತಿಗೆ ಪಾತ್ರೆಗಳೆಲ್ಲ ತೊಳೆದು ಮುಗಿದಿರುತ್ತಿದ್ದವು. ಯಾರು ತೊಳೆದರು ಅಂತ ಅಮ್ಮ ಕೇಳಲಿಲ್ಲ. ಅವರಿಗೆ ಗೊತ್ತಿತ್ತು.

ಕೌಂಟ್ ಎಷ್ಟು?

ಡೆಂಗಿ ಬಂದ ಮನೆಗೆ ಫೋನ್ ಮಾಡಿದವರೆಲ್ಲ ಕೇಳುವುದು ಒಂದೇ, ಕೌಂಟ್ ಎಷ್ಟು, ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಎಷ್ಟಿವೆ ಅಂತ. ಲ್ಯಾಬಿನ ಹುಡುಗ ಬೆಳಿಗ್ಗೆ ಬಂದು ರಕ್ತ ತೆಗೆದುಕೊಂಡು ಹೋಗುತ್ತಿದ್ದ, ಮಧ್ಯಾಹ್ನದೊಳಗೆ ಮೊಬೈಲಿಗೆ ರಿಪೋರ್ಟ್. ಇಡೀ ಬಳಗ ಅದನ್ನು ಕ್ರಿಕೆಟ್ ಸ್ಕೋರಿನ ಹಾಗೆ ಕಾಯುತ್ತಿತ್ತು. ಒಂದೂವರೆ ಲಕ್ಷದ ಮೇಲಿರಬೇಕಾದ ಪ್ಲೇಟ್‌ಲೆಟ್ ಎಪ್ಪತ್ತು ಸಾವಿರಕ್ಕೆ ಇಳಿದ ದಿನ ನಾದಿನಿ ಅತ್ತೇಬಿಟ್ಟರು. ನಮ್ಮ ಡಾಕ್ಟರು ಮಾತ್ರ ಅದನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ರಕ್ತಸ್ರಾವ ಇಲ್ಲದಿದ್ದರೆ ಸಾಮಾನ್ಯವಾಗಿ ಹತ್ತು ಸಾವಿರದ ಕೆಳಗೆ ಹೋಗುವ ತನಕ ಪ್ಲೇಟ್‌ಲೆಟ್ ಏರಿಸುವುದಿಲ್ಲವಂತೆ. ಅವರು ರಿಪೋರ್ಟಿನಲ್ಲಿ ಬೆರಳಿಟ್ಟು ನೋಡುತ್ತಿದ್ದುದು ಬೇರೆ ಸಾಲು, ಪಿಸಿವಿ ಅನ್ನುವುದು, ರಕ್ತದಲ್ಲಿ ಕೆಂಪುಕಣಗಳ ಪಾಲು ಎಷ್ಟು ಅಂತ ತೋರಿಸುವುದು. ಈ ಜ್ವರದಲ್ಲಿ ರಕ್ತನಾಳಗಳಿಂದ ನೀರಿನಂಶ ಹೊರಗೆ ಸೋರುತ್ತದೆ, ರಕ್ತ ಗಟ್ಟಿಯಾಗುತ್ತದೆ, ಅದು ಗೊತ್ತಾಗುವುದು ಆ ಸಾಲಿನಲ್ಲಿ.

ಆಮೇಲೆ ಜ್ವರ ಬಿಟ್ಟಿತು. ಬೆಳಿಗ್ಗೆ ಎದ್ದರೆ ಮೈ ತಣ್ಣಗೆ, ದಿಂಬು ಒದ್ದೆ. ನಮ್ಮನೆಯವರು ಥರ್ಮಾಮೀಟರ್ ನೋಡಿ, "ಅಬ್ಬಾ, ಮುಗೀತು ಬಿಡು" ಅಂದರು. ನಾಳೆಯಿಂದ ಕಾಲೇಜಿಗೆ ಹೋಗುತ್ತೇನೆ ಅಂತ ಫೋನ್ ಕೂಡ ಮಾಡಿದರು. ಅದೇ ಬೆಳಿಗ್ಗೆ ಡಾಕ್ಟರ ಹತ್ತಿರ ಹೋದರೆ ಅವರು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ಹೇಳಿದ್ದು ಇದು: "ಈಗಲೇ ಜಾಸ್ತಿ ಹುಷಾರಾಗಿರಬೇಕು. ಡೆಂಗಿಯಲ್ಲಿ ಅಪಾಯ ಬರೋದಿದ್ರೆ ಜ್ವರ ಇಳಿದ ಮೇಲಿನ ಒಂದೆರಡು ದಿನದಲ್ಲೇ. ಹೊಟ್ಟೆ ತುಂಬಾ ನೋವು, ವಾಂತಿ ನಿಲ್ಲದೇ ಇರೋದು, ವಸಡಲ್ಲಿ ರಕ್ತ, ಮಂಪರು, ಯಾವುದೇ ಇದ್ರೂ ರಾತ್ರಿ ಎರಡು ಗಂಟೆಯಾದ್ರೂ ಸರಿ, ಆಸ್ಪತ್ರೆಗೆ ಬನ್ನಿ." ನಮ್ಮನೆಯವರು ಹೊರಗೆ ಬಂದು ಕಾಲೇಜಿಗೆ ಮತ್ತೆ ಫೋನ್ ಮಾಡಿದರು.

ಆ ಒಂದೆರಡು ದಿನ ದಾಟಿತು. ಕೌಂಟ್ ಏರತೊಡಗಿತು. ಅಮ್ಮ ಊರಿಗೆ ಹೋದರು, ಅಲ್ಲಿ ಅಪ್ಪ ಒಬ್ಬರೇ ಇದ್ದರು. ನಮ್ಮನೆಯವರು ನಂಜನಗೂಡಿಗೆ ಹೊರಟರು. ಎದುರುಮನೆಯ ಸಾರು ನಿಂತಿತು, ಅವರ ಮನೆಯಲ್ಲೂ ಯಾರಿಗೋ ಜ್ವರ. ವಾಟ್ಸಾಪಿನಲ್ಲಿ ಎಲ್ಲರೂ ಕೈಮುಗಿಯುವ ಚಿಹ್ನೆ ಹಾಕಿ ಮುಗಿಸಿದರು.

ಚಪಾತಿ ಮಣೆ

ಒಂದು ಸಾಯಂಕಾಲ. ರಾತ್ರಿಗೆ ನಾಲ್ಕು ಚಪಾತಿ ಮಾಡೋಣ ಅಂತ ಹಿಟ್ಟು ಕಲಸಿದೆ. ಯಾರೂ ಮಾಡು ಅಂದಿರಲಿಲ್ಲ. ದಿನಾ ಅನ್ನ, ಚಿತ್ರಾನ್ನ ತಿಂದು ಮಕ್ಕಳ ಮುಖ ಸೊಟ್ಟಗಾಗಿತ್ತು, ಅಷ್ಟೇ. ಎರಡನೇ ಉಂಡೆಗೆ ಲಟ್ಟಣಿಗೆ ಒತ್ತಿದರೆ ಹಿಟ್ಟು ಹರಡುತ್ತಲೇ ಇಲ್ಲ. ಹಿಟ್ಟು ಮೆತ್ತಗೇ ಇತ್ತು, ಕೈಯಲ್ಲೇ ಏನೂ ಇರಲಿಲ್ಲ. ಮೊಣಕೈ ಒಳಗಿನಿಂದ ಸಣ್ಣಗೆ ನಡುಗುತ್ತಿತ್ತು. ಕಿವಿಯಲ್ಲಿ ಗುಂಯ್ ಅಂತ ಸದ್ದು. ಬೀಳುವ ಮುಂಚೆ ಕೂರುವುದು ವಾಸಿ ಅಂತ ಸ್ಟೌ ಆರಿಸಿ ಅಲ್ಲೇ ಅಡುಗೆಮನೆ ನೆಲದ ಮೇಲೆ ಕೂತೆ. ಲಟ್ಟಣಿಗೆ ಕೈಯಲ್ಲೇ ಇತ್ತು.

ಮಗ ನೀರು ಕುಡಿಯಲು ಬಂದ. ನಿಂತು ನೋಡಿದ.

"ಅಮ್ಮ, ಮತ್ತೆ ಜ್ವರ ಬಂತಾ?"

"ಇಲ್ಲ."

"ಹೊಟ್ಟೆ ನೋವಾ?"

"ಇಲ್ಲ ಕಣೋ."

"ಮತ್ತೆ ಏನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಅವನು ಓಡಿಹೋಗಿ ಥರ್ಮಾಮೀಟರ್ ತಂದ. 98 ಚಿಲ್ಲರೆ. "ನಾರ್ಮಲ್ ಇದೆ" ಅಂತ ತೋರಿಸಿದ. ಅವನ ದನಿಯಲ್ಲಿ ಸಮಾಧಾನವೂ ಇತ್ತು, ಸ್ವಲ್ಪ ಅನುಮಾನವೂ ಇತ್ತು. ಅವನಿಗೆ ಗೊತ್ತಿದ್ದುದು ಎರಡೇ, ಒಂದೋ ಹುಷಾರಿಲ್ಲ, ಇಲ್ಲಾ ಹುಷಾರಿದ್ದಾರೆ. ಅವನೊಬ್ಬನಿಗೇ ಅಲ್ಲ, ಇಡೀ ಮನೆಗೆ, ಆಫೀಸಿಗೆ, ಬಂಧುಬಳಗಕ್ಕೆ ಗೊತ್ತಿರುವುದೂ ಎರಡೇ. ಇವೆರಡರ ಮಧ್ಯೆ ಇರುವವರು ಎಲ್ಲಿ ಕೂರಬೇಕು? ಜ್ವರ ಇದ್ದಾಗ ನನ್ನ ಪರವಾಗಿ ಥರ್ಮಾಮೀಟರ್ ಮಾತಾಡುತ್ತಿತ್ತು, ಲ್ಯಾಬಿನ ರಿಪೋರ್ಟ್ ಮಾತಾಡುತ್ತಿತ್ತು. ಈ ಸುಸ್ತಿಗೆ ಅಂಥ ಯಾವ ಸಾಕ್ಷಿಯೂ ಇಲ್ಲ. ಡೆಂಗಿ ಆದ ಮೇಲೆ ವಾರಗಟ್ಟಲೆ ಸುಸ್ತು ಇರುವುದು ಮಾಮೂಲಿ ಅಂತ ಡಾಕ್ಟರೇ ಹೇಳಿದ್ದರು. ಆದರೆ ಅದು ಬಾಯಿಮಾತು. ಬಾಯಿಮಾತಿಗೆ ಮನೆಯಲ್ಲಿ ಬೆಲೆ ಕಡಿಮೆ, ನನ್ನ ಹತ್ತಿರವೂ ಕಡಿಮೆ. ಸೋಮಾರಿತನ ಇರಬಹುದಾ ಅಂತ ನನಗೇ ಸಂಶಯ ಬರುತ್ತಿತ್ತು.

ಆಫೀಸಿನ ಕಥೆ ಇನ್ನೊಂದು ರೀತಿ. ನಮಗೆ ವರ್ಷಕ್ಕೆ ಇಪ್ಪತ್ತು ದಿನ ಅರ್ಧ ವೇತನದ ರಜೆ ಖಾತೆಗೆ ಬೀಳುತ್ತದೆ. ಪೂರ್ತಿ ಸಂಬಳ ಬೇಕಂದರೆ ಅದನ್ನು ಪರಿವರ್ತಿತ ರಜೆ ಮಾಡಿಕೊಳ್ಳಬೇಕು, ಒಂದು ದಿನಕ್ಕೆ ಎರಡು ದಿನ ಕಳೆಯುತ್ತಾರೆ. ವಾಪಸ್ ಸೇರುವಾಗ ಡಾಕ್ಟರಿಂದ ಫಿಟ್‌ನೆಸ್ ಸರ್ಟಿಫಿಕೇಟ್ ತರಬೇಕು. ನನಗೆ ಆ ಚೀಟಿ ಯಾವಾಗಲೂ ಒಂದು ಕಾಟಾಚಾರದ ಕಾಗದ ಅನ್ನಿಸುತ್ತಿತ್ತು. ಆ ಸಲ ಮಾತ್ರ ಆಸೆಯಾಯಿತು, ಮನೆಯಲ್ಲೂ ಇಂಥದ್ದೊಂದು ಇದ್ದಿದ್ದರೆ. ಸರ್ಟಿಫಿಕೇಟ್ ಇಲ್ಲದೆ ಒಲೆ ಮುಂದೆ ಡ್ಯೂಟಿಗೆ ಹಾಜರಾಗುವ ಹಾಗಿಲ್ಲ ಅಂತ.

ಬಾಕಿ ಕೆಲಸ

ಜ್ವರ ಇದ್ದಾಗ ಮನೆ ನಡೆಯಿತು ಅಂದೆನಲ್ಲ, ಅದು ಹೇಗೆ ನಡೆಯಿತು ಅಂತ ಆಮೇಲೆ ಕೂತು ಯೋಚಿಸಿದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಗಂಡಸರು 88 ನಿಮಿಷ. ಮನೆಯವರನ್ನು ನೋಡಿಕೊಳ್ಳುವ ಲೆಕ್ಕ ಬೇರೆ, ಅದರಲ್ಲಿ ಹೆಂಗಸರದು 137, ಗಂಡಸರದು 75. ಸರಿ, 289 ನಿಮಿಷದವರು ಒಂದು ದಿನ ಮಲಗಿಬಿಟ್ಟರೆ ಆ ನಿಮಿಷಗಳು ಎಲ್ಲಿ ಹೋಗುತ್ತವೆ? ಒಂದಷ್ಟು ಗಂಡನ ಮೇಲೆ, ಒಂದಷ್ಟು ತಾಯಿಯ ಮೇಲೆ, ಒಂದಷ್ಟು ಹೋಟೆಲಿನ ಪಾರ್ಸಲ್ ಮೇಲೆ. ಉಳಿದದ್ದು? ಉಳಿದದ್ದನ್ನು ಯಾರೂ ಮಾಡುವುದಿಲ್ಲ. ಮಾಡದಿದ್ದರೆ ಆ ದಿನಕ್ಕೆ ಏನೂ ಆಗುವುದೂ ಇಲ್ಲ. ಒಗೆದ ಬಟ್ಟೆ ಮಡಿಸದೆ ಕುರ್ಚಿ ಮೇಲೆ ಬೀಳುತ್ತದೆ. ಮಗಳ ಯೂನಿಫಾರ್ಮಿನ ಗುಂಡಿ ಹಾಕುವುದು ನಿಲ್ಲುತ್ತದೆ. ಫ್ರಿಜ್ಜಿನ ತಳದಲ್ಲಿ ಕೊತ್ತಂಬರಿ ಕೊಳೆಯುತ್ತದೆ. ಸಾರಿನಪುಡಿ ಮುಗಿಯುತ್ತಾ ಬಂದಿರುತ್ತದೆ, ಮೆಣಸಿನಕಾಯಿ ಬಿಸಿಲಿಗೆ ಹಾಕಿಲ್ಲ. ಮಾವನ ಸಕ್ಕರೆ ಪರೀಕ್ಷೆಯ ದಿನ ದಾಟಿಹೋಗಿರುತ್ತದೆ. ಶಾಲೆಯಿಂದ ಬಂದ ಮೆಸೇಜು ಓದಿದ್ದಾರೆ, ಉತ್ತರ ಕೊಟ್ಟಿಲ್ಲ.

ಇವು ಯಾವುವೂ ಮಾಯವಾಗಲಿಲ್ಲ. ಎಲ್ಲವೂ ನನಗಾಗಿ ಕಾದು ಕೂತಿದ್ದವು. ನಮ್ಮನೆಯವರನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವರು ನಿಜವಾಗಿ ದುಡಿದರು, ಅಡುಗೆ ಮಾಡಿದರು, ನನ್ನ ಬಟ್ಟೆ ಒಗೆದರು, ರಾತ್ರಿ ಎದ್ದು ಜ್ವರ ನೋಡಿದರು. ಆದರೆ ಜ್ವರದ ಮನೆ ಅಂದರೆ ತುರ್ತಿನ ಮನೆ, ಅಂದಂದಿನದನ್ನು ಅಂದು ಮುಗಿಸಿದರೆ ಅವತ್ತಿಗೆ ಗೆದ್ದ ಹಾಗೆ. ಮುಂದಕ್ಕೆ ಹಾಕಿದ್ದೆಲ್ಲ ಯಾರ ಹೆಸರಿಗೆ ಹೋಗುತ್ತದೆ ಅನ್ನುವುದನ್ನು ತುರ್ತಿನಲ್ಲಿ ಯಾರೂ ಕೇಳುವುದಿಲ್ಲ. ಹಾಗಾಗಿ ಮೈಯಲ್ಲಿ ಅರ್ಧ ಶಕ್ತಿ ಇರುವ ದಿನವೇ ಒಂದೂವರೆ ಪಟ್ಟು ಕೆಲಸ ಎದುರಿಗೆ ಬಂದು ನಿಲ್ಲುತ್ತದೆ. ರೆಕಾರ್ಡ್ ರೂಮಿನಲ್ಲಿ ಒರಗಿ ನಿಂತವರ ಟೇಬಲ್ಲಿಗೆ ಫೈಲು ಬಂದು ಬಿದ್ದದ್ದೂ ಹೀಗೆಯೇ ಅಲ್ವಾ?

ಒಗ್ಗರಣೆ ಇಲ್ಲದ ಮನೆ

ಹಿಂದೆ ಇದಕ್ಕೊಂದು ವ್ಯವಸ್ಥೆ ಇತ್ತು, ಪಥ್ಯ. ಮಾವ ಚಿಕ್ಕವರಿದ್ದಾಗ ನಾಗಮಂಗಲದ ಕಡೆಯ ಹಳ್ಳಿಯಲ್ಲಿ ವಿಷಮಶೀತ ಜ್ವರ ಬಂದು ಮಲಗಿದ್ದರಂತೆ. ಟೈಫಾಯಿಡು. ಜ್ವರ ಬಿಟ್ಟ ಮೇಲೆ ಎಷ್ಟೋ ದಿನ ಹುರಿದ ಅಕ್ಕಿಯ ಗಂಜಿ, ಮೆಣಸು ಜೀರಿಗೆ ಸಾರು, ನಾಲಿಗೆಗೆ ಹಚ್ಚಿಕೊಳ್ಳಲು ಹಳೇ ಹೇರಳೆಕಾಯಿ ಉಪ್ಪಿನಕಾಯಿ. ತಲೆಗೆ ನೀರು ಹಾಕುವುದಕ್ಕೆ ಒಂದು ದಿನ ನೋಡಿ, ಆ ದಿನ ಹಾಕಿದ ಮೇಲೆಯೇ ಹುಡುಗ ಎದ್ದ ಅಂತ ಲೆಕ್ಕ. ಅಲ್ಲಿಯವರೆಗೆ ದನ ಮೇಯಿಸುವುದಕ್ಕೆ ಕಳಿಸುವ ಹಾಗಿಲ್ಲ. ಟೈಫಾಯಿಡಿನವರನ್ನು ಹಾಗೆ ಗಂಜಿಯಲ್ಲೇ ಇಡಬೇಕಾಗಿಲ್ಲ, ಚೆನ್ನಾಗಿ ಊಟ ಕೊಡಬೇಕು ಅಂತ ಈಗಿನ ಡಾಕ್ಟರುಗಳು ಹೇಳುತ್ತಾರೆ, ಸರಿಯೇ. ಆದರೆ ಆ ಪದ್ಧತಿ ಇನ್ನೊಂದು ಕೆಲಸ ಮಾಡುತ್ತಿತ್ತು. ಜ್ವರ ಬಿಟ್ಟ ದಿನಕ್ಕೂ ಕೆಲಸಕ್ಕೆ ಹಚ್ಚುವ ದಿನಕ್ಕೂ ನಡುವೆ ಜಾಗ ಬಿಟ್ಟಿತ್ತು. ಆ ಜಾಗ ಬೇಕು ಅಂತ ಕಾಯಿಲೆಯವರು ಬಾಯಿ ಬಿಟ್ಟು ಕೇಳಬೇಕಾಗಿರಲಿಲ್ಲ.

ಮನೆಯಲ್ಲಿ ಯಾರಿಗಾದರೂ ಅಮ್ಮ, ಅಂದರೆ ಚಿಕನ್‌ಪಾಕ್ಸ್ ಆದಾಗ ಇದು ಇನ್ನೂ ಜೋರು. ಒಬ್ಬರಿಗೆ ಗುಳ್ಳೆ ಎದ್ದರೆ ಇಡೀ ಮನೆಗೆ ಒಗ್ಗರಣೆ ಇಲ್ಲ, ಕರಿಯುವುದಿಲ್ಲ, ನೆಂಟರಿಲ್ಲ, ಬಾಗಿಲಿಗೆ ಬೇವಿನ ಸೊಪ್ಪು. ಬೇವಿನ ನೀರು ಹಾಕುವ ತನಕ ಯಾರೂ ಮಾಮೂಲಿ ದಿನಕ್ಕೆ ವಾಪಸ್ ಹೋಗುವ ಹಾಗಿಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ನನ್ನ ತಮ್ಮನಿಗೆ ಆಗಿತ್ತು. ಒಗ್ಗರಣೆ ಇಲ್ಲದ ಸಾರು ತಿಂದು ತಿಂದು ನಾನು ಅವನ ಮೇಲೆ ಹಲ್ಲು ಕಡಿಯುತ್ತಿದ್ದೆ. ದೇವಿಯ ಭಯ ಬೇರೆ ವಿಷಯ. ಆದರೆ ಅಡುಗೆ ಮಾಡುವವರಿಗೆ ಕೆಲಸ ತಾನಾಗಿ ಅರ್ಧ ಆಗುತ್ತಿತ್ತು ಅನ್ನುವುದು ಈಗ ಹೊಳೆಯುತ್ತದೆ.

ಹಾಗಂತ ಆ ಕಾಲವೇ ಚೆನ್ನಾಗಿತ್ತು ಅಂತ ಹಾಡುವವಳಲ್ಲ ನಾನು. ಮಾವನಿಗೆ ಗಂಜಿ ಕಾಯಿಸಿ ಕೊಟ್ಟವರು ಅವರ ಅತ್ತಿಗೆ. ಆ ಅತ್ತಿಗೆಗೆ ಕಾಯಿಲೆ ಬಂದಾಗ ಪಥ್ಯ ಮಾಡಿದವರು ಯಾರು ಅಂತ ಕೇಳಿದೆ. ಮಾವ ಬಹಳ ಹೊತ್ತು ಯೋಚಿಸಿ, "ಅವರು ಮಲಗಿದ್ದು ನನಗೆ ನೆನಪೇ ಇಲ್ಲಮ್ಮ" ಅಂದರು.

ಈಗಲೂ ಪಥ್ಯದ ಮಾತೇ ಇಲ್ಲದವರು ಇದ್ದಾರೆ. ನಮ್ಮನೆ ಕೆಲಸಕ್ಕೆ ಬರುವ ಅಕ್ಕನಿಗೂ ಅದೇ ತಿಂಗಳು ಜ್ವರ ಬಂತು. ಅವರು ನಾಲ್ಕು ಮನೆ ಮಾಡುತ್ತಾರೆ. ಅವರ ಖಾತೆಗೆ ಯಾವ ರಜೆಯೂ ಬೀಳುವುದಿಲ್ಲ, ಪರಿವರ್ತನೆ ಮಾಡಿಕೊಳ್ಳುವ ಪ್ರಶ್ನೆಯೇ ಇಲ್ಲ. ಮೈ ತಣ್ಣಗಾದ ಮಾರನೇ ದಿನ ಬಂದು ಪಾತ್ರೆ ಮುಂದೆ ಕೂತರು. ಸಂಬಳ ಕಟ್ ಮಾಡಲ್ಲ, ವಾರ ಬಿಟ್ಟು ಬನ್ನಿ ಅಂತ ನಾವಂದೆವು. "ನೀವೇನೋ ಕೊಡ್ತೀರ, ಆ ಮೂರು ಮನೆಯವ್ರು ಬೇರೆಯವ್ರನ್ನ ಇಟ್ಕೊಂಡ್ಬಿಟ್ರೆ?" ಅಂದರು. ಅದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ನಮ್ಮನೆಗೆ ಮಾತ್ರ ಬರಲಿಲ್ಲ, ಉಳಿದ ಮೂರಕ್ಕೂ ಹೋದರು.

ಏನು ಬಿಟ್ಟೆವು

ಚಪಾತಿ ಸಂಜೆಯ ಮಾರನೇ ದಿನ ಮಾವ ಮತ್ತೆ ಡೈರಿ ತೆಗೆದರು. ಅವರು ಅದನ್ನು ನಿಲ್ಲಿಸಿಯೇ ಇರಲಿಲ್ಲ ಅಂತ ನನಗೆ ಆಗಲೇ ಗೊತ್ತಾದದ್ದು. ಜ್ವರ ಬಿಟ್ಟ ಮೇಲಿನ ಪುಟಗಳಲ್ಲೂ ಗಂಟೆ ಬರೆದಿದ್ದರು, ಕಾಲಂ ಮಾತ್ರ ಬದಲಾಗಿತ್ತು. "4.10, ಮೆಟ್ಟಿಲಲ್ಲಿ ಕೂತರು. 8.00, ಊಟ ಅರ್ಧ." ಮನೆಯಲ್ಲಿ ಒಬ್ಬರಾದರೂ ಇದನ್ನು ಕಾಯಿಲೆಯ ಲೆಕ್ಕದಲ್ಲೇ ಇಟ್ಟಿದ್ದರು. ಡೈರಿಯನ್ನು ತಮ್ಮ ಮಗನ ಮುಂದೆ ಇಟ್ಟು, "ಗಾಡಿ ಇನ್ನೂ ವರ್ಕ್‌ಶಾಪಿನಲ್ಲಿದೆ ಕಣಯ್ಯ, ರೂಟಿಗೆ ಬಿಡಬೇಡ" ಅಂದರು. ನಮ್ಮನೆಯವರು ಓದಿದರು. ಅವರಿಗೆ ಕಾಗದದಲ್ಲಿದ್ದರೆ ಬೇಗ ಅರ್ಥವಾಗುತ್ತದೆ, ಮೇಷ್ಟ್ರಲ್ವಾ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ಯಾರು ಏನು ಮಾಡಬೇಕು ಅನ್ನುವುದಕ್ಕಿಂತ ಯಾವುದನ್ನು ಯಾರೂ ಮಾಡಬೇಕಾಗಿಲ್ಲ ಅಂತ ಮೊದಲು ಮಾತಾಡಿದೆವು. ನನ್ನ ಮಟ್ಟಿಗೆ ಉಪಯೋಗಕ್ಕೆ ಬಂದದ್ದು ಇದೊಂದೇ. ಕೆಲಸ ಹಂಚುವುದರಲ್ಲಿ ಒಂದು ಮೋಸ ಇದೆ, ಹಂಚಿದ್ದನ್ನು ನೆನಪಿಸುವ ಕೆಲಸ ಮತ್ತೆ ಹೆಂಗಸಿನ ತಲೆಗೇ ಬರುತ್ತದೆ. ಬಿಟ್ಟುಬಿಟ್ಟರೆ ಆ ಕಾಟ ಇಲ್ಲ. ದೋಸೆ ಹಿಟ್ಟು ರುಬ್ಬುವುದು ಬಿಟ್ಟೆವು, ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆ. ಮನೆಯಲ್ಲೇ ಇಸ್ತ್ರಿ ಬಿಟ್ಟೆವು. ಮಾವನಿಗೆ ಅಂತ ಬೇರೆ ಮಾಡುತ್ತಿದ್ದ ಖಾರ ಇಲ್ಲದ ಸಾರು ಬಿಟ್ಟು ಎಲ್ಲರೂ ಅದನ್ನೇ ತಿಂದೆವು, ಖಾರ ಬೇಕಾದವರಿಗೆ ಚಟ್ನಿಪುಡಿ. ಮಾತ್ರೆ ಡಬ್ಬಿಯನ್ನು ಮಾವ ತಾವೇ ನೋಡಿಕೊಳ್ಳತೊಡಗಿದರು. ಅದನ್ನು ನಾನು ಯಾಕೆ ಇಷ್ಟು ವರ್ಷ ಮಾಡುತ್ತಿದ್ದೆ ಅಂತ ಇಬ್ಬರಿಗೂ ಗೊತ್ತಿಲ್ಲ. ರಾತ್ರಿ ಅಡುಗೆ ನಮ್ಮನೆಯವರದು. ಅವರ ಉಪ್ಪಿಟ್ಟು ಗಂಟುಗಂಟು, ಆದರೆ ಅನ್ನ ನನಗಿಂತ ಉದುರಾಗಿ ಮಾಡುತ್ತಾರೆ. ಮಗಳು ಹೂವು ಕಟ್ಟುವುದನ್ನು ಕಲಿತಳು. ಕಟ್ಟಿದ ಮಾಲೆ ಎರಡು ದಿನಕ್ಕೊಮ್ಮೆ ದೇವರಿಗೆ ಹೋಗುತ್ತದೆ, ದೇವರು ಏನೂ ಅಂದಿಲ್ಲ.

ಸೊಳ್ಳೆ ವಿಷಯ ಹೇಳದಿದ್ದರೆ ಅಪೂರ್ಣ. ಈಡಿಸ್ ಹಗಲು ಕಚ್ಚುವ ಸೊಳ್ಳೆ, ನಿಂತ ತಿಳಿನೀರಿನಲ್ಲಿ ಮೊಟ್ಟೆ ಇಡುತ್ತದೆ, ವಾರ ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ. ಆಶಾ ಕಾರ್ಯಕರ್ತೆ ಬಂದು ಸಂಪು, ಡ್ರಮ್ಮು, ಫ್ರಿಜ್ಜಿನ ಹಿಂದಿನ ಟ್ರೇ, ಹೂಕುಂಡದ ತಟ್ಟೆ ಎಲ್ಲ ಟಾರ್ಚ್ ಹಾಕಿ ನೋಡಿದರು. ನಮ್ಮಲ್ಲಿ ಏನೂ ಸಿಗಲಿಲ್ಲ. ಪಕ್ಕದ ಖಾಲಿ ಸೈಟಿನಲ್ಲಿ ಸಿಕ್ಕಿತು, ಎಳನೀರು ಬುರುಡೆಗಳ ರಾಶಿಯಲ್ಲಿ. ಡೆಂಗಿ ಬಂದವರಿಗೆ ಅಂತ ಇಡೀ ಬೀದಿ ಎಳನೀರು ತಂದು ಕುಡಿಸಿ, ಬುರುಡೆಗಳನ್ನು ಅಲ್ಲಿಗೆ ಎಸೆದಿತ್ತು. ಪ್ರತಿಯೊಂದರಲ್ಲೂ ಮಳೆನೀರು, ಅದರೊಳಗೆ ಬಾಲ ಕುಣಿಸುವ ಹುಳು. ಮುಂದೆ ಮನೆ ಆವರಣದಲ್ಲಿ ಲಾರ್ವಾ ಸಿಕ್ಕರೆ ನಗರದಲ್ಲಿ 400 ರೂಪಾಯಿ ದಂಡ ಅಂತ ನಿಯಮ ಬಂತು. ಖಾಲಿ ಸೈಟಿನವರು ಬೆಂಗಳೂರಿನಲ್ಲೆಲ್ಲೋ ಇದ್ದಾರೆ. ಕೊನೆಗೆ ಬುರುಡೆ ಬೋರಲು ಹಾಕಿದವರು ನನ್ನ ಮಗ ಮತ್ತು ಅವನ ಕ್ರಿಕೆಟ್ ತಂಡ.

ದಸರಾ ಹೊತ್ತಿಗೆ

ಅಷ್ಟಾದ ಮೇಲೂ ಮುಗಿಯಲಿಲ್ಲ ನೋಡಿ. ಅಕ್ಟೋಬರಿನಲ್ಲಿ ದಸರಾ ಬಂತು. ಮೈಸೂರಿನಲ್ಲಿ ಮನೆ ಇದ್ದವರಿಗೆ ದಸರಾ ಅಂದರೆ ನೆಂಟರು. ಅದೇ ವೇಳೆಗೆ ನನ್ನ ಕೂದಲು ಉದುರಲು ಶುರುವಾಯಿತು. ಬಾಚಿದರೆ ಹಿಡಿ ತುಂಬ, ಬಚ್ಚಲಿನ ಜಾಲರಿ ಕಟ್ಟಿಕೊಳ್ಳುವಷ್ಟು. ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ ಹೀಗಾಗುತ್ತದೆ, ತಾನೇ ಸರಿಹೋಗುತ್ತದೆ ಅಂತ ಡಾಕ್ಟರು ಹೇಳಿದರು, ಸರಿಹೋಯಿತು ಕೂಡ. ಆದರೆ ಆ ಹೊತ್ತಿಗೆ ಡೆಂಗಿ ಯಾರಿಗೂ ನೆನಪಿರಲಿಲ್ಲ. ದೊಡ್ಡತ್ತೆ ಒಬ್ಬರು ನನ್ನ ಜಡೆ ನೋಡಿ, "ಎಣ್ಣೆ ಹಚ್ಚೋದು ಬಿಟ್ಟಿದ್ದೀಯ ಅಂತ ಕಾಣುತ್ತೆ" ಅಂದರು. ಜಂಬೂಸವಾರಿ ದಿನ ಹತ್ತು ಹನ್ನೆರಡು ಜನಕ್ಕೆ ಊಟ. ಪ್ರತಿವರ್ಷ ಮನೆಯಲ್ಲೇ ಆಗುತ್ತಿತ್ತು. ಈ ಸಲ ಹೊರಗಿನಿಂದ ತರಿಸಿದೆವು. ಒಂದಿಬ್ಬರು ಮುಖ ಗಂಟಿಕ್ಕಿದರು, ಪಲ್ಯಕ್ಕೆ ಉಪ್ಪು ಜಾಸ್ತಿ ಅಂದರು. ಉಪ್ಪು ಜಾಸ್ತಿಯೇ ಆಗಿತ್ತು. ನಾನೂ ಅವರ ಜೊತೆ ಕೂತು ಉಂಡೆ.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇವೆ. ಒಂದು ಬಂದು ಹೋದರೆ ಅದು ಮತ್ತೆ ಬರುವುದಿಲ್ಲ, ಉಳಿದ ಮೂರು ಬರಬಹುದು, ಎರಡನೇ ಸಲ ಬಂದರೆ ಜೋರಾಗುವ ಸಾಧ್ಯತೆ ಹೆಚ್ಚು. ಅದಕ್ಕೇ ಈ ಮಳೆಗಾಲ ಶುರುವಾಗುವ ಮುಂಚೆ ಮಾವ ಒಂದು ಕಾಗದ ಸಿದ್ಧ ಮಾಡಿ ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಾರೆ. ವ್ಯಾನಿನವರ ನಂಬರು, ಗ್ಯಾಸ್ ಬುಕಿಂಗು, ಯಾರ ಮಾತ್ರೆ ಯಾವಾಗ, ಯಾರ ರಕ್ತದ ಗುಂಪು ಯಾವುದು, ರಜೆ ಯಾರು ಮೊದಲು ಹಾಕಬೇಕು. ಅಂಟಿಸುವ ಮುಂಚೆ ನಾನು ಕೆಳಗೆ ಇನ್ನೊಂದು ಸಾಲು ಸೇರಿಸಿದೆ, ಜ್ವರ ಬಿಟ್ಟ ಮೇಲೆ ಹದಿನೈದು ದಿನ. ಆ ಸಾಲಿನಲ್ಲಿ ಎಷ್ಟು ದಿನ ಅಂತ ಬರೆಯಬೇಕು ಅನ್ನುವುದಕ್ಕೆ ಇನ್ನೂ ಜಗಳ ನಡೆದಿದೆ. ನಮ್ಮನೆಯವರು ಒಂದು ವಾರ ಸಾಕು ಅನ್ನುತ್ತಾರೆ. ಮಾವ ಇಪ್ಪತ್ತೊಂದು ದಿನ ಅನ್ನುತ್ತಾರೆ, ಅವರದು ಟೈಫಾಯಿಡಿನ ಲೆಕ್ಕ. ಮಗ, ಅಪ್ಪನಿಗೆ ಜ್ವರ ಬಂದರೂ ಇದೇ ರೂಲ್ಸಾ ಅಂತ ಕೇಳಿದ. ಹೌದು ಅಂದೆವು. "ಹಾಗಾದ್ರೆ ರಾತ್ರಿ ಅಡುಗೆ ಯಾರು ಮಾಡ್ತಾರೆ?" ಅಂದ. ನಾವಿಬ್ಬರೂ ಅವನ ಕಡೆಗೇ ತಿರುಗಿದೆವು. ಹೋದ ಭಾನುವಾರದಿಂದ ನಮ್ಮನೆಯವರು ಅವನಿಗೆ ಅನ್ನಕ್ಕೆ ನೀರು ಅಳೆಯುವುದನ್ನು ಹೇಳಿಕೊಡುತ್ತಿದ್ದಾರೆ.